ಫಾಗ್ ಲ್ಯಾಂಪ್ ವೈರಿಂಗ್: ಜೋಡಣೆಗಳನ್ನು ನಾನೇ ಮತ್ತೆ ಮಾಡಿದ ಅನುಭವ

ಜುಲೈ ತಿಂಗಳ ಒಂದು ಸಂಜೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದಾಗ, ಜಡಿಮಳೆಯ ನಡುವೆ ನನ್ನ ಕಾರಿನ ಎರಡೂ ಫಾಗ್ ಲ್ಯಾಂಪ್‌ಗಳು ಮಿಣುಕಿ ಆರಿಹೋದವು. ಅವನ್ನು ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಮರುದಿನ ಬಾನೆಟ್ ಎತ್ತಿ ಜೋಡಣೆಯ ಮೇಲಿನ ಕಪ್ಪು ಟೇಪ್ ಬಿಚ್ಚಿದರೆ, ಎಂಜಿನ್ನಿನ ಶಾಖಕ್ಕೆ ಅದರ ಗೋಂದು ಕರಗಿ ಬೆರಳಿಗೆ ಮೆತ್ತಿಕೊಂಡಿತು. ಒಳಗೆ ಕೈಯಲ್ಲೇ ಹೊಸೆದು ಕೂಡಿಸಿದ್ದ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು, ಅರ್ಧಕ್ಕರ್ಧ ತುಂಡಾಗಿದ್ದವು.

ಎಳೆಗಳನ್ನು ಕೆರೆದು ತಾತ್ಕಾಲಿಕವಾಗಿ ಕೂಡಿಸಿ ಮಲ್ಟಿಮೀಟರ್ ಹಿಡಿದೆ. ಬಲ್ಬುಗಳನ್ನು ಕಳಚಿ ಹೋಲ್ಡರಿನಲ್ಲಿ ಅಳೆದಾಗ ಬ್ಯಾಟರಿಯಷ್ಟೇ ವೋಲ್ಟೇಜ್ ತೋರಿಸಿತು. ಆದರೆ ಬಲ್ಬ್ ಹಾಕಿ ಉರಿಸಿದಾಗ, ಬ್ಯಾಟರಿಯಲ್ಲಿ 12.3 ವೋಲ್ಟ್ ಇದ್ದರೂ ದೀಪಕ್ಕೆ ತಲುಪುತ್ತಿದ್ದುದು 10.6 ಮಾತ್ರ. ಕರೆಂಟ್ ಹರಿಯದೆ ಕೆಟ್ಟ ಜೋಡಣೆಯ ಗುಟ್ಟು ಹೊರಬೀಳುವುದಿಲ್ಲ ಎಂಬುದು ನನಗೆ ಅಂದು ಖಚಿತವಾಯಿತು. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ, ಮಂಜಿನಲ್ಲಿ ಅಷ್ಟು ಬೆಳಕು ಕಳೆದುಕೊಳ್ಳುವುದು ಸಣ್ಣ ವಿಷಯವಲ್ಲ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿಟ್ಟು, ಎಲ್ಲವನ್ನೂ ಹೊಸದಾಗಿ ಎಳೆದೆ. 55 ವ್ಯಾಟಿನ ಎರಡು ಬಲ್ಬುಗಳಿಗೆ ಒಟ್ಟು 9 ಆಂಪಿಯರಿಗಿಂತ ತುಸು ಹೆಚ್ಚು ಬೇಕಾದ್ದರಿಂದ 2.5 ಚದರ ಮಿ.ಮೀ. ವೈರ್, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಮತ್ತು 15 ಆಂಪಿಯರ್ ಫ್ಯೂಸ್ ತಂದೆ. ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಆದ್ದರಿಂದ ಅದನ್ನು ದೀಪದ ಬಳಿ ಅಲ್ಲ, ಬ್ಯಾಟರಿಯಿಂದ ಗೇಣುದ್ದದ ಒಳಗೇ ಕೂರಿಸಿದೆ.

ಜೋಡಣೆಗೆ ನಾನು ಬೆಸುಗೆ ಬಳಸಲಿಲ್ಲ. ಕರಗಿದ ಸೀಸ ಎಳೆಗಳ ನಡುವೆ ಒಳಕ್ಕೆ ಹರಿದು ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ, ಆ ಸೆಟೆದ ಭಾಗ ಮುಗಿಯುವಲ್ಲೇ ವಾಹನದ ಅದುರಾಟಕ್ಕೆ ಎಳೆಗಳು ಮುರಿಯುತ್ತವೆ. ಬದಲಿಗೆ, ಒಂದು ಎಳೆಯೂ ಕತ್ತರಿಸಿಹೋಗದಂತೆ ವೈರಿನ ತುದಿ ಸುಲಿದು, ತುದಿಗೆ ತೊಡಿಸುವ ಲೋಹದ ಕೊಳವೆಯಂಥ, ವೈರಿನ ಅಳತೆಗೆ ಸರಿಯಾದ ಲಗ್‌ಗೆ ಪೂರ್ತಿ ತೂರಿಸಿ, ಅದನ್ನು ವೈರಿಗೆ ಅದುಮಿ ಕಚ್ಚಿಸುವ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದೆ. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದ ಲಗ್ ನೋಡಲು ಗಟ್ಟಿಯಾಗಿ ಕಂಡರೂ ಎಳೆದರೆ ಕೈಗೆ ಬರುತ್ತದೆ. ಹಾಗಾಗಿ ಪ್ರತಿಯೊಂದನ್ನೂ ಬಲವಾಗಿ ಜಗ್ಗಿ ನೋಡಿದೆ, ಜಾರಿದ ಎರಡನ್ನು ಕತ್ತರಿಸಿ ಎಸೆದೆ. ಒಳಗೆ ಗೋಂದಿರುವ ಹೀಟ್ ಶ್ರಿಂಕ್ ಸ್ಲೀವನ್ನು ಕ್ರಿಂಪ್ ಮಾಡುವ ಮುನ್ನವೇ ವೈರಿಗೆ ಪೋಣಿಸಿಟ್ಟುಕೊಂಡಿರಬೇಕು. ಬಿಸಿ ಗಾಳಿಗೆ ಅದು ಮುದುಡಿ, ಎರಡೂ ಅಂಚಿನಲ್ಲಿ ಗೋಂದು ಸಣ್ಣ ಉಂಗುರದಂತೆ ಉಕ್ಕಿದರೆ ಒಳಗೆ ನೀರು ಇಳಿಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟಿದ್ದದ್ದು ಅರ್ಥಿಂಗ್, ಅಂದರೆ ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ. ದೀಪ ಉರಿಯುತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ದೀಪದ ನೆಗೆಟಿವ್‌ಗೂ ನಡುವೆ 0.9 ವೋಲ್ಟ್ ಸಿಕ್ಕಿತ್ತು, ಏಕೆಂದರೆ ಹಿಂದೆ ಕೂರಿಸಿದವರು ಬಣ್ಣದ ಮೇಲೆಯೇ ಸ್ಕ್ರೂ ತಿರುಗಿಸಿದ್ದರು. ಉಪ್ಪು ಕಾಗದದಿಂದ ಬಣ್ಣ ಉಜ್ಜಿ, ತಗಡು ಹೊಳೆಯುವಂತೆ ಮಾಡಿ, ರಿಂಗ್ ಲಗ್ ಮತ್ತು ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮತ್ತೆ ಅಳೆದಾಗ ಅಲ್ಲಿ 0.05 ವೋಲ್ಟ್ ಇತ್ತು, ದೀಪದ ಬಳಿ 12.1. ಈಗ ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಇದೇ ಎರಡು ಅಳತೆಗಳನ್ನು ತೆಗೆಯುತ್ತೇನೆ.