ದ್ರಾಕ್ಷಿ ತೋಟಗಳ ನಡುವೆ ಮೌಂಟನ್ ಬೈಕ್: ಸುಲಭದ ದಾರಿ ಆರಿಸುವ ಬಗೆ

ವೈನ್ ನಾಡಿನ ಚಿತ್ರ ನೋಡಿದವರಿಗೆ ಅಲ್ಲಿ ಸೈಕಲ್ ತುಳಿಯುವುದು ಹೂ ಎತ್ತಿದಷ್ಟು ಸುಲಭ ಅನಿಸುತ್ತದೆ. ಹಾಗಿಲ್ಲ. ಬಳ್ಳಿಯ ಬುಡದಲ್ಲಿ ನೀರು ನಿಲ್ಲಬಾರದು, ಬಿಸಿಲು ನೇರ ಬೀಳಬೇಕು, ರಾತ್ರಿಯ ಕೊರೆವ ಗಾಳಿ ಕೆಳಕ್ಕೆ ಹರಿದುಹೋಗಬೇಕು. ಈ ಮೂರೂ ಸಿಗುವುದು ಇಳಿಜಾರಿನಲ್ಲಿ, ಹಾಗಾಗಿ ಒಳ್ಳೆಯ ತೋಟಗಳು ಬಹುಪಾಲು ಗುಡ್ಡದ ಮಗ್ಗುಲಲ್ಲೇ ಇರುತ್ತವೆ. ಜರ್ಮನಿಯ ಮೊಸೆಲ್ ನದಿಯ ಮೇಲಿರುವ ಬ್ರೆಮರ್ ಕಾಲ್ಮೋಂಟ್ ತೋಟದ ಇಳಿಜಾರು ಕೆಲವೆಡೆ 60 ಡಿಗ್ರಿ ಮೀರುತ್ತದೆ. ಅಲ್ಲಿ ಸೈಕಲ್ ಹಾಗಿರಲಿ, ನಡೆಯುವುದಕ್ಕೇ ಕೈಕಾಲು ನಾಲ್ಕೂ ಬೇಕು. ಅದೇ ತೋಟದ ಕೆಳಗೆ, ನದಿಯ ದಂಡೆಯ ದಾರಿಯಲ್ಲಿ ಮಕ್ಕಳೂ ಆರಾಮಾಗಿ ಹೋಗಬಹುದು. ಆದ್ದರಿಂದ ದಾರಿ ಎಷ್ಟು ಕಿಲೋಮೀಟರ್ ಎಂದು ಕೇಳುವ ಮೊದಲು ಏರು ಎಷ್ಟು, ಮಣ್ಣು ಯಾವುದು ಎಂದು ಕೇಳಿ.

ಏರಿನ ಲೆಕ್ಕ

ಒಟ್ಟು ಏರನ್ನು ಮೀಟರಿನಲ್ಲಿ ತೆಗೆದುಕೊಂಡು ಒಟ್ಟು ಕಿಲೋಮೀಟರಿನಿಂದ ಭಾಗಿಸಿ. ಉತ್ತರ 10ರ ಒಳಗಿದ್ದರೆ ಸೈಕಲ್ ಬರುವ ಯಾರಿಗಾದರೂ ಆದೀತು. 15ರವರೆಗೆ ಆಗಾಗ ತುಳಿಯುವವರಿಗೆ ಸರಿ. 20 ದಾಟಿದರೆ ಯಾರು ಸುಲಭ ಎಂದರೂ ನಂಬಬೇಡಿ. ಮೊದಲ ಸಲಕ್ಕೆ 20ರಿಂದ 25 ಕಿ.ಮೀ., 250 ಮೀಟರಿನೊಳಗಿನ ಏರು ಸಾಕು. ಜಲ್ಲಿ ದಾರಿಯಲ್ಲಿ ಹೊಸಬರ ವೇಗ ಗಂಟೆಗೆ 10ರಿಂದ 12 ಕಿ.ಮೀ. ಮಾತ್ರ, ಅಂದರೆ ನಿಲುಗಡೆ ಬಿಟ್ಟೇ ಎರಡು ಗಂಟೆ.

ಆದರೆ ಸರಾಸರಿ ಮೋಸ ಮಾಡುತ್ತದೆ. 20 ಕಿ.ಮೀ.ಗೆ 200 ಮೀಟರ್ ಏರು ಎಂದಾಗ ಅದಷ್ಟೂ ಎರಡೇ ಕಿಲೋಮೀಟರಿನಲ್ಲಿ ಬಂದರೆ ಅದು ಶೇ. 10ರ ಏರು, ತಳ್ಳಿಕೊಂಡೇ ಹೋಗಬೇಕಾದೀತು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆ ನೋಡಿದರೆ ಗುಟ್ಟು ಗೊತ್ತಾಗುತ್ತದೆ. 1:25,000 ನಕ್ಷೆಯಲ್ಲಿ (1 ಮಿ.ಮೀ. ಎಂದರೆ ನೆಲದಲ್ಲಿ 25 ಮೀಟರ್) ಎತ್ತರದ 10 ಮೀಟರಿಗೊಂದು ರೇಖೆ ಇದ್ದರೆ, ದಾರಿಯು ಎರಡು ರೇಖೆಗಳ ನಡುವೆ 8 ಮಿ.ಮೀ. ಸಾಗುವಲ್ಲಿ ಏರು ಶೇ. 5, 4 ಮಿ.ಮೀ. ಇದ್ದಲ್ಲಿ ಶೇ. 10. ಸುಲಭದ ದಾರಿಗೆ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಸ್ಥೆ ಕೊಡುವ ಹಸಿರು ವೃತ್ತದ ಗುರುತೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಸರಾಸರಿ ಶೇ. 5, ಎಲ್ಲೂ ಶೇ. 15 ಮೀರಬಾರದು, ನೆಲ ಗಟ್ಟಿಯಾಗಿರಬೇಕು.

ಹುಡುಕಬೇಕಾದ ದಾರಿಗಳು ಮೂರು ಬಗೆಯವು. ಒಂದು, ಕಣಿವೆಯ ತಳದಲ್ಲಿ ನದಿಗುಂಟ ಸಾಗುವುದು. ಎರಡು, ಹಳಿ ಕಿತ್ತ ಹಳೇ ರೈಲುದಾರಿ. ರೈಲಿಗೆ ಕಡಿದಾದ ಏರು ಹತ್ತಲಾಗದ ಕಾರಣ ಇಂಥ ದಾರಿಯಲ್ಲಿ ಏರು ಸಾಮಾನ್ಯವಾಗಿ ಶೇ. 2ರ ಆಸುಪಾಸು. ದಕ್ಷಿಣ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ಟ್ರೇಲ್ ಹೀಗೆ ಹುಟ್ಟಿದ್ದು. ನ್ಯೂಜಿಲೆಂಡಿನಲ್ಲಿ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯ ಸೀಮೆಯಲ್ಲಿ ಶುರುವಾಗುವ 152 ಕಿ.ಮೀ.ಯ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ ಕೂಡ ಅದೇ ಜಾತಿ. ಅದನ್ನು ತುಂಡು ತುಂಡಾಗಿ ತುಳಿಯಬಹುದು. ಮೂರನೆಯದು, ಗುಡ್ಡದ ನಡು ಮಟ್ಟದಲ್ಲಿ ಸಮೋನ್ನತ ರೇಖೆಯ ಜೊತೆಜೊತೆಗೇ ಹೋಗುವ ಟ್ರ್ಯಾಕ್ಟರ್ ದಾರಿ. ನೋಟಕ್ಕೆ ಇದರಷ್ಟು ಚೆಂದ ಬೇರೆಯಿಲ್ಲ. ಆದರೆ ಅಲ್ಲಿಗೆ ಹತ್ತುವ ಅಡ್ಡದಾರಿಯೇ ಕಡಿದಾಗಿರಬಹುದು, ಅದನ್ನು ಬೇರೆಯಾಗಿ ಅಳೆಯಿರಿ. ಬರ್ಗಂಡಿಯಲ್ಲಿ ಬೋನ್‌ನಿಂದ ಪೊಮಾರ್, ಮರ್ಸೋ ಊರುಗಳ ಮೂಲಕ ಸಾಂತನೆಗೆ ಹೋಗುವ ‘ಬಳ್ಳಿಗಳ ದಾರಿ’ ಇಂಥ ತೋಟದ ರಸ್ತೆಗಳನ್ನೇ ಹೆಣೆದು ಮಾಡಿದ್ದು.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆ ಬಳಸುವವರು ದಾರಿಯ ವಿವರದಲ್ಲಿ ಟ್ರ್ಯಾಕ್‌ಟೈಪ್, ಅಂದರೆ ನೆಲ ಎಷ್ಟು ಗಟ್ಟಿ ಎಂಬ ದರ್ಜೆ ನೋಡಿ. ಗ್ರೇಡ್ 1 ಅಂದರೆ ಗಟ್ಟಿ ರಸ್ತೆ, 2 ಜಲ್ಲಿ, 3 ಜಲ್ಲಿ-ಮಣ್ಣಿನ ಮಿಶ್ರಣ, 5 ಬರೀ ಮೆತ್ತನೆಯ ನೆಲ. ಸುಲಭದ ಸವಾರಿ 1ರಿಂದ 3ರೊಳಗೆ ಮುಗಿಯಬೇಕು. ‘ಪ್ರೈವೇಟ್’ ಎಂದಿದ್ದರೆ ಆ ದಾರಿ ಬಿಡಿ.

ಮಣ್ಣು, ಮಳೆ, ಗಾಲಿ

ಜೇಡಿಮಣ್ಣಿನ ತೋಟದಲ್ಲಿ ಮಳೆ ಬಿದ್ದ ಮರುದಿನ ಸವಾರಿ ಬೇಡ. ಮಣ್ಣು ಟೈರಿಗೆ ಅಂಟಿ, ಫೋರ್ಕಿನ ಸಂದಿ ತುಂಬಿ, ಗಾಲಿ ತಿರುಗುವುದೇ ನಿಂತುಬಿಡುತ್ತದೆ. ನೀವು ಬಿಟ್ಟುಹೋದ ಗಾಡಿಜಾಡು ಒಣಗಿ ಕಲ್ಲಾದರೆ ಮುಂದೆ ಬರುವವನು ಗಾಲಿ ಅದರೊಳಗೆ ಸಿಕ್ಕಿ ಬೀಳುತ್ತಾನೆ. ಎರಡು ದಿನ ಒಣಗಲಿ. ಜಲ್ಲಿ, ಮರಳಿನ ನೆಲವಾದರೆ ಕೆಲವೇ ಗಂಟೆಯಲ್ಲಿ ನೀರು ಇಂಗುತ್ತದೆ. ಸ್ಲೇಟು ಕಲ್ಲಿನ ಚೂರು ಹರಡಿದ ದಾರಿ ಒಣಗಿದಾಗ ಪರವಾಗಿಲ್ಲ. ನೆನೆದಾಗ ಅಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಜಾರುವುದು ಖಂಡಿತ.

ಸೈಕಲ್ ದುಬಾರಿಯದೇ ಆಗಬೇಕಿಲ್ಲ. ಮುಂದೆ 100 ಮಿ.ಮೀ. ಸಸ್ಪೆನ್ಶನ್ ಇದ್ದು ಹಿಂದೆ ಇಲ್ಲದ ಹಾರ್ಡ್‌ಟೇಲ್ ಸೈಕಲ್ ಧಾರಾಳವಾಯಿತು. ಟೈರು 2.1ರಿಂದ 2.25 ಇಂಚು ಅಗಲ. ಟೈರಿನ ಗಾಳಿಯ ಒತ್ತಡದಲ್ಲಿ ಮಾತ್ರ ಉದಾಸೀನ ಬೇಡ: 70 ಕಿಲೋ ತೂಗುವವರು 29 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್ ಇದ್ದರೆ 5 ಪಿಎಸ್‌ಐ ಹೆಚ್ಚಿಸಿ, ಇಲ್ಲದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ತೂಕ 10 ಕಿಲೋ ಹೆಚ್ಚಾದರೆ ಸುಮಾರು 2 ಪಿಎಸ್‌ಐ ಹೆಚ್ಚು. ಟ್ಯೂಬ್‌ಲೆಸ್‌ನಲ್ಲಿ ಟೈರಿಗೆ 90 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿ, ಮೂರು ತಿಂಗಳಿಗೊಮ್ಮೆ ಒಣಗಿದೆಯೇ ನೋಡಿ.

ತೋಟದ ದಾರಿಗೇ ವಿಶೇಷವಾದ ತೊಂದರೆ ಒಂದಿದೆ: ಸವರಿ ಹಾಕಿದ ಕಡ್ಡಿ. ಚಳಿಗಾಲದಲ್ಲಿ ಬಳ್ಳಿ ಸವರಿದ ಮೇಲೆ ಪೆನ್ಸಿಲ್ ದಪ್ಪದ ಕಡ್ಡಿಗಳು ದಾರಿಯುದ್ದಕ್ಕೂ ಬಿದ್ದಿರುತ್ತವೆ. ಒಂದು ಕಡ್ಡಿ ಗಾಲಿಯ ಜೊತೆ ಮೇಲೆದ್ದು ಗೇರ್ ಬದಲಿಸುವ ಡಿರೇಲರಿಗೆ ಸಿಕ್ಕಿಕೊಂಡರೆ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ, ಸವಾರಿ ಅಲ್ಲಿಗೇ ಮುಗಿಯಿತು. ಕಟಕಟ ಸದ್ದು ಕೇಳಿದ ಕೂಡಲೇ ತುಳಿಯುವುದು ನಿಲ್ಲಿಸಿ, ಇಳಿದು, ಗಾಲಿಯನ್ನು ಹಿಂದಕ್ಕೆ ತಿರುಗಿಸಿ ಕಡ್ಡಿ ತೆಗೆಯಿರಿ. ಜೋರಾಗಿ ತುಳಿದು ಮುರಿಯೋಣ ಎಂದು ಹೊರಟವರೇ ಹ್ಯಾಂಗರ್ ಕಳೆದುಕೊಳ್ಳುವುದು. ನಿಮ್ಮ ಫ್ರೇಮಿಗೇ ಹೊಂದುವ ಹ್ಯಾಂಗರ್ ಒಂದು, ಚೈನ್ ಟೂಲು, ಚೈನಿನ ಜೋಡುಕೊಂಡಿ, ಪಂಪು, ಒಂದು ಟ್ಯೂಬು ಚೀಲದಲ್ಲಿರಲಿ.

ಸಾಲಿನೊಳಗೆ ಹೋಗಬೇಡಿ

ಎರಡು ಸಾಲುಗಳ ನಡುವಿನ ಹುಲ್ಲುಹಾದಿ ಕರೆಯುತ್ತದೆ, ನಿಜ. ಆದರೆ ಸಾಲಿನ ಕೊನೆಯ ಕಂಬವನ್ನು ಓರೆಯಾಗಿ ನೆಲಕ್ಕೆ ಎಳೆದು ಬಿಗಿದ ತಂತಿ ಎದುರು ಬಿಸಿಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹನಿ ನೀರಾವರಿಯ ಪೈಪು ಒಂದು ಸಲ ಒಡೆದರೆ ಬೆಳೆಗಾರನಿಗೆ ಅರ್ಧ ದಿನದ ಕೆಲಸ. ಆ ಪೈಪಿನ ನೀರು ಕುಡಿಯಲೂ ಬೇಡಿ, ಗೊಬ್ಬರ ಕಲಸಿ ಬಿಟ್ಟಿರಬಹುದು. ಸಾಲಿನ ತುದಿಯಲ್ಲಿ ಟ್ರ್ಯಾಕ್ಟರ್ ಹಠಾತ್ತನೆ ಹೊರಳುತ್ತದೆ. ಓಡಿಸುವವನ ಕಣ್ಣು ಬಳ್ಳಿಯ ಮೇಲಿರುತ್ತದೆಯೇ ಹೊರತು ನಿಮ್ಮ ಮೇಲಲ್ಲ.

ಬೂದಿರೋಗಕ್ಕೆ ಗಂಧಕ, ಬೂಜುರೋಗಕ್ಕೆ ತಾಮ್ರದ ಔಷಧಿ ಹೊಡೆಯುವುದು ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತು. ಸಿಂಪರಣೆಯ ಮಂಜು ಕಂಡರೆ ಗಾಳಿ ಬರುವ ದಿಕ್ಕಿಗೆ ಸರಿದು ಕಾಯಿರಿ. ಗೊಂಚಲು ಕಿತ್ತು ಬಾಯಿಗೆ ಹಾಕಿಕೊಳ್ಳುವುದಂತೂ ಕಳ್ಳತನವೂ ಹೌದು, ಔಷಧಿ ತಿಂದಂತೆಯೂ ಹೌದು.

ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮೊದಲು ಟೈರಿನ ಮಣ್ಣು ಕೆರೆಯಿರಿ. ಬೇರಿನ ರಸ ಹೀರುವ ಫಿಲಾಕ್ಸೆರಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೇನು 19ನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿತು. ಅದು ಮಣ್ಣಿನ ಹೆಂಟೆಯಲ್ಲೂ ಪಯಣಿಸಬಲ್ಲದು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಇನ್ನೂ ಕಾಲಿಟ್ಟಿಲ್ಲ, ಹಾಗಾಗಿಯೇ ಅಲ್ಲಿ ತೋಟದೊಳಗೆ ಬಿಡುವ ವಿಷಯದಲ್ಲಿ ಅಷ್ಟು ಬಿಗಿ.

ಹೊತ್ತು, ನೀರು, ವೈನು

ದ್ರಾಕ್ಷಿಗೆ ಬೇಕಾದ ಬಿಸಿಲು ನಿಮಗೆ ಬೇಡದ ಬಿಸಿಲು. ತೋಟದಲ್ಲಿ ಮರದ ನೆರಳಿರುವುದಿಲ್ಲ. ಗಂಟೆಗೆ 500ರಿಂದ 750 ಮಿ.ಲೀ. ಲೆಕ್ಕದಲ್ಲಿ ಎರಡು ಲೀಟರ್ ನೀರು ಜೊತೆಗಿರಲಿ. ಬಿಸಿಲು ದಿನಗಳಲ್ಲಿ ಮಧ್ಯಾಹ್ನದ ಮೇಲೆ ಕಣಿವೆಯ ಗಾಳಿ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಬೆಳಿಗ್ಗೆ ನದಿ ಹರಿವ ದಿಕ್ಕಿಗೆ ಹೊರಟು ಮಧ್ಯಾಹ್ನ ವಾಪಸ್ಸಾದರೆ ಗಾಳಿಯೇ ಬೆನ್ನು ತಳ್ಳುತ್ತದೆ. ಕೊಯ್ಲು ಉತ್ತರಾರ್ಧಗೋಳದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್, ದಕ್ಷಿಣದಲ್ಲಿ ಫೆಬ್ರವರಿಯಿಂದ ಏಪ್ರಿಲ್. ಆಗ ನೋಡಲು ಸೊಗಸು, ತುಳಿಯಲು ರಗಳೆ: ತುಂಬಿದ ಟ್ರೇಲರುಗಳು, ರಸ್ತೆಗೆ ಚೆಲ್ಲಿದ ಜಾರುವ ರಸ, ಅದಕ್ಕೆ ಮುತ್ತುವ ಕಣಜಗಳು. ಬಳ್ಳಿ ಚಿಗುರಿದ ಮೇಲಿನ ವಸಂತವೇ ಸವಾರಿಗೆ ಹೆಚ್ಚು ಒಳ್ಳೆಯದು.

ರುಚಿ ನೋಡುವ ನಿಲುಗಡೆಯನ್ನು ಕೊನೆಯ ಇಳಿಜಾರು ಮುಗಿದ ಮೇಲೆ ಇಟ್ಟುಕೊಳ್ಳಿ. ಒಂದೊಂದು ಸಲಕ್ಕೆ 30ರಿಂದ 50 ಮಿ.ಲೀ. ಸುರಿದರೂ ಐದು ಬಗೆ ಸವಿಯುವಷ್ಟರಲ್ಲಿ ಒಂದು ದೊಡ್ಡ ಲೋಟವೇ ಹೊಟ್ಟೆ ಸೇರಿರುತ್ತದೆ. ಬಾಯಾಡಿಸಿ ಉಗುಳುವ ಪಾತ್ರೆ ಇಟ್ಟಿರುವುದು ಇದಕ್ಕೇ, ಸಂಕೋಚ ಬೇಡ. ಕಾನೂನು ಸೈಕಲ್ಲಿಗೂ ಅನ್ವಯಿಸುತ್ತದೆ: ಫ್ರಾನ್ಸಿನಲ್ಲಿ ಕಾರಿನವರಿಗಿರುವ ಲೀಟರ್ ರಕ್ತಕ್ಕೆ 0.5 ಗ್ರಾಂ ಮಿತಿಯೇ ಸೈಕಲ್ಲಿನವರಿಗೂ. ಬಾಟಲಿ ಕೊಂಡರೆ ಬೆನ್ನಿನ ಚೀಲಕ್ಕೆ ಹಾಕಬೇಡಿ. ಮುಕ್ಕಾಲು ಲೀಟರಿನ ತುಂಬಿದ ಬಾಟಲಿ 1.2 ಕಿಲೋಗಿಂತ ಹೆಚ್ಚು ತೂಗುತ್ತದೆ, ಬಿದ್ದರೆ ಗಾಜು ಬೆನ್ನುಮೂಳೆಯ ಪಕ್ಕದಲ್ಲೇ ಇರುತ್ತದೆ. ವೈನರಿಯವರಿಗೆ ಹೇಳಿದರೆ ಎತ್ತಿಟ್ಟಿರುತ್ತಾರೆ. ಸಂಜೆ ಬೇರೆ ವಾಹನದಲ್ಲಿ ಬಂದು ಒಯ್ಯಿರಿ.