ಜೀಗುಜ್ಜೆಯನ್ನು ನೆಲದೊಳಗೆ ಹುಳಿ ಬರಿಸಿ ಇಡುವ ಕ್ರಮ: ಟಿಕೋಪಿಯಾದ ‘ಮಾಸಿ’

ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಪೂರ್ವದಂಚಿನ ಟಿಕೋಪಿಯಾ ಸುಮಾರು 5 ಚದರ ಕಿಲೋಮೀಟರ್‌ನ ನಡುಗಡ್ಡೆ, ಜನ ಸಾವಿರದ ಆಸುಪಾಸು. 2002ರ ಡಿಸೆಂಬರ್ ಕೊನೆಯಲ್ಲಿ ಜೋಯಿ ಚಂಡಮಾರುತ ಅಲ್ಲಿನ ಮನೆ, ತೋಟಗಳನ್ನು ನೆಲಸಮ ಮಾಡಿತು. ಹೊರಗಿನ ಹಡಗು ತಲುಪಲು ಸುಮಾರು ಒಂದು ವಾರ ಹಿಡಿಯಿತು, ಆದರೆ ಒಬ್ಬರೂ ಸಾಯಲಿಲ್ಲ. ಇಂಥ ಜಾಗದಲ್ಲಿ ಬದುಕುವವರು ಆಹಾರವನ್ನು ಗಾಳಿ ಮುಟ್ಟದ ಕಡೆ, ಅಂದರೆ ಮಣ್ಣಿನ ಕೆಳಗೆ, ಇಡಲು ಕಲಿತಿದ್ದಾರೆ. ಅದೇ ಮಾಸಿ.

ಮಾಸಿಗೆ ಬೇಕಾದ ಕಾಯಿ ನಮ್ಮ ಕರಾವಳಿಯ ಜೀಗುಜ್ಜೆಯೇ, ಕೆಲವರು ದೀವಿ ಹಲಸು ಎನ್ನುವ ಅದೇ ಮರ. ಅದು ಒಮ್ಮೆಲೇ ಬಿಡುತ್ತದೆ, ಕಿತ್ತ ಮೂರು ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಡುವವರಿಗೆ ಈ ತೊಂದರೆ ಹೊಸದಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ಉಪ್ಪುಸೊಳೆಯನ್ನು ಕಾಯುವುದು ಉಪ್ಪು, ಮಾಸಿಯನ್ನು ಕಾಯುವುದು ಅದರದ್ದೇ ಹುಳಿ. ಗಾಳಿ ಸಿಗದ ಕಡೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕಾಯಿಯ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಹುಳಿಯಲ್ಲಿ ಕೊಳೆಸುವ ಜೀವಿಗಳು ಬೆಳೆಯಲಾರವು. ಹಾಗಾಗಿ ಗುಂಡಿಯ ಕೆಲಸವೆಲ್ಲ ಎರಡೇ ಶತ್ರುಗಳ ವಿರುದ್ಧ: ಗಾಳಿ ಮತ್ತು ನೀರು.

ಗುಂಡಿಗೆ ಎತ್ತರದ, ಮಳೆನೀರು ನಿಲ್ಲದ, ಗಟ್ಟಿ ಮಣ್ಣಿನ ಜಾಗ ಆರಿಸಿ. ದೊಡ್ಡ ಮರದ ಬುಡ ಬೇಡ, ಬೇರು ಎಲೆಯ ಹಾಸನ್ನು ಚುಚ್ಚುತ್ತದೆ. ಒಂದೂವರೆ ಕಿಲೋ ತೂಗುವ 100 ಕಾಯಿಗೆ ಸಿಪ್ಪೆ, ಗೂಂಜು ತೆಗೆದ ಮೇಲೆ ಸುಮಾರು 100 ಕಿಲೋ ತಿರುಳು ಸಿಗುತ್ತದೆ. ಅದಕ್ಕೆ 60 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳದ ದುಂಡು ಗುಂಡಿ ಸಾಕು. ತಿರುಳಿಗಿಂತ ಗುಂಡಿ ತೀರಾ ದೊಡ್ಡದಾದರೆ ಮೇಲೆ ಗಾಳಿ ಉಳಿಯುತ್ತದೆ, ಆದ್ದರಿಂದ ಕಾಯಿ ಎಣಿಸಿಯೇ ತೋಡಬೇಕು.

ಬಲಿತ ಕಾಯಿ ಬೇಕು: ಸಿಪ್ಪೆಯ ಮೇಲೆ ಸೊನೆ ಒಣಗಿ ಕಲೆಯಾಗಿರಬೇಕು, ಮುಳ್ಳಿನ ಗುರುತು ಚಪ್ಪಟೆಯಾಗಿರಬೇಕು. ಬಿರುಗಾಳಿಗೆ ಉದುರಿದ ಎಳೆಕಾಯಿಯನ್ನೂ ಹಾಕುತ್ತಾರೆ, ಆದರೆ ಪಿಷ್ಟ ಕಡಿಮೆಯಿರುವುದರಿಂದ ಅದರ ಮಾಸಿ ನೀರುನೀರಾಗುತ್ತದೆ. ಕಿತ್ತ ಕಾಯಿಯನ್ನು ನೆರಳಿನಲ್ಲಿ ಎರಡು ದಿನ ರಾಶಿ ಹಾಕಿ. ಒತ್ತಿದರೆ ಸ್ವಲ್ಪ ತಗ್ಗಿದಾಗ ಸಿಪ್ಪೆ ಕೆತ್ತಿ, ಗೂಂಜು ತೆಗೆದು, ನಾಲ್ಕು ಹೋಳು ಮಾಡಿ. ಮಾರ್ಷಲ್ ದ್ವೀಪಗಳಲ್ಲಿ ಈ ಹಂತದಲ್ಲಿ ಹೋಳುಗಳನ್ನು ಬುಟ್ಟಿ ಅಥವಾ ಬಲೆಯಲ್ಲಿ ಕಟ್ಟಿ ಒಂದೆರಡು ದಿನ ಸಮುದ್ರದ ನೀರಿನಲ್ಲಿ ನೆನೆಸುತ್ತಾರೆ. ಹಾಗೆ ಮಾಡಿದರೆ ನೀರು ಪೂರ್ತಿ ಬಸಿಯಲು ಬಿಡಿ. ಅವಸರಪಟ್ಟು ಒದ್ದೆ ಹೋಳನ್ನೇ ತುಂಬಿದರೆ ತಳದಲ್ಲಿ ನೀರು ನಿಂತು ಕೊಳೆಯುತ್ತದೆ.

ಎಲೆ ಹಾಸುವುದೇ ನಿಜವಾದ ಕುಶಲತೆ. ಹೊರಪದರಕ್ಕೆ ಒಣ ಬಾಳೆಎಲೆ ಎರಡು ಮೂರು ಸುತ್ತು, ಒಳಗೆ ಬೆಂಕಿಗೆ ಹಿಡಿದು ಬಾಡಿಸಿದ ಹಸಿ ಎಲೆ. ಬಾಡಿಸದ ಎಲೆ ಮಡಿಚುವಾಗ ಸೀಳುತ್ತದೆ, ಆ ಸೀಳಿನಲ್ಲೇ ಮಣ್ಣು ಒಳಬರುತ್ತದೆ. ಹೆಂಚು ಹೊದಿಸಿದಂತೆ ಮೇಲಿನ ಎಲೆ ಕೆಳಗಿನದರ ಮೇಲೆ ಬರಬೇಕು, ತುದಿಗಳು ಗುಂಡಿಯ ಹೊರಗೆ ಒಂದೂವರೆ ಅಡಿ ಚಾಚಿರಬೇಕು. ತಿರುಳನ್ನು ಒಂದೊಂದು ಪದರ ಹಾಕಿ ಮುಷ್ಟಿಯಿಂದ ಗುದ್ದಿ ಗಾಳಿ ಹೊರಡಿಸಿ. ಹಳೆಯ ಮಾಸಿ ಇದ್ದರೆ ಒಂದೆರಡು ಹಿಡಿ ಬೆರೆಸಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಹುಳಿ ಬೇಗ ಹತ್ತುತ್ತದೆ. ಎಲೆಯ ತುದಿ ಒಳಕ್ಕೆ ಮಡಿಚಿ, ಮೇಲೆ ಮತ್ತಷ್ಟು ಎಲೆ, ಅದರ ಮೇಲೆ ಭಾರದ ಕಲ್ಲು ಒತ್ತಾಗಿ ಇಡಿ.

ಕೆಲವು ದಿನಗಳಲ್ಲಿ ತಿರುಳು ಕುಸಿಯುತ್ತದೆ. ಆಗ ಕಲ್ಲು ತೆಗೆದು, ಮೇಲಿನ ಎಲೆ ಬದಲಿಸಿ, ಮತ್ತೆ ಬಿಗಿಯಾಗಿ ಮುಚ್ಚಿ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಈ ಆರೈಕೆ ಬೇಕು. ಆರು ವಾರಕ್ಕೆ ತಿರುಳು ಹಿಟ್ಟಿನ ಮುದ್ದೆಯಂತೆ ನುಣುಪಾಗುತ್ತದೆ. ಚೆನ್ನಾಗಿ ನೋಡಿಕೊಂಡ ಗುಂಡಿ ವರ್ಷಗಟ್ಟಲೆ ಬಾಳುತ್ತದೆ, ಕೆಟ್ಟ ಗುಂಡಿಗಳಲ್ಲಿ ಹೆಚ್ಚಿನವು ಎಲೆ ಬದಲಿಸದೆ ಬಿಟ್ಟವು.

ವಾಸನೆ ಖಾರವಾಗಿ, ಹಳೆಯ ಚೀಸಿನಂತೆ ಇರುತ್ತದೆ, ಅದು ಸರಿಯೇ. ಮೇಲೆ ಬಿಳಿ ಬೂಷ್ಟು ಬಂದಿದ್ದರೆ ಒಂದೆರಡು ಬೆರಳು ದಪ್ಪ ಕೆರೆದು ಎಸೆಯಿರಿ. ಹೆಣದ ನಾತ, ಕಪ್ಪು ಅಥವಾ ಗುಲಾಬಿ ಬಣ್ಣ, ಲೋಳೆ ಕಂಡರೆ ಪೂರ್ತಿ ಚೆಲ್ಲಿ. ಹೊಸದಾಗಿ ಮಾಡುವವರು ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದದಿಂದ ನೋಡಿಕೊಳ್ಳಲೇಬೇಕು, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಮೇಲಿದ್ದರೆ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದನ್ನು ತಿನ್ನುವಂತಿಲ್ಲ.

ಹಸಿಯಾಗಿ ತಿನ್ನಬಾರದು. ಬೇಕಾದಷ್ಟು ತೆಗೆದು, ಸಿಹಿನೀರಿನಲ್ಲಿ ತೊಳೆದು ಹಿಂಡಿ, ನಾರು ಆರಿಸಿ. ಒಂದು ಕಿಲೋಗೆ ಒಂದು ದೊಡ್ಡ ತೆಂಗಿನಕಾಯಿಯ ಗಟ್ಟಿಹಾಲು ಹಾಕಿ ನಾದಿ, ಎಲೆಯಲ್ಲಿ ಮಡಿಚಿ ಬೇಯಿಸಿ. ಅಲ್ಲಿ ಬಿಸಿಕಲ್ಲಿನ ನೆಲದೊಲೆ. ಇಲ್ಲಿ ಕಡುಬಿನ ಪಾತ್ರೆಯಲ್ಲಿ ಒಂದು ಗಂಟೆ ಹಬೆ ಸಾಕು. ಟಿಕೋಪಿಯಾದ ನಾಲ್ಕು ಕುಲಗಳ ಮುಖ್ಯಸ್ಥರಾದ ‘ಅರಿಕಿ’ಗಳು ತೆಂಗು ಕೀಳುವುದಕ್ಕೆ ‘ತಪು’, ಅಂದರೆ ನಿಷೇಧ, ಹಾಕುವ ರೂಢಿಯಿದೆ. ಕಾಯಿ ಮುಗಿದರೆ ಮಾಸಿಗೆ ಹಾಲೆಲ್ಲಿಂದ ಬರಬೇಕು ಎಂದು ಯೋಚಿಸಿದರೆ, ಈ ಕಟ್ಟಳೆ ಅಡುಗೆಮನೆಗೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ಕರಾವಳಿಯಲ್ಲಿ ಮಾಡಿ ನೋಡುವವರು ಗುಂಡಿ ತೋಡಬೇಡಿ, ಜೂನ್ ಮಳೆಗೆ ಅದು ಬಾವಿಯಾಗುತ್ತದೆ. 20 ಲೀಟರ್ ಭರಣಿಗೆ ಹೀಗೇ ಎಲೆ ಹಾಸಿ, 15 ಕಿಲೋ ತಿರುಳು ಗುದ್ದಿ ತುಂಬಿ, ಮೇಲೆ ಕಲ್ಲಿನ ಭಾರವಿಡಿ. ಬಾಯಿಗೆ ಬಟ್ಟೆ ಕಟ್ಟಿದರೆ ಸಾಲದು, ಮುಚ್ಚಳ ಬೇಕು. ಮೊದಲ ವಾರ ದಿನಕ್ಕೊಮ್ಮೆ ಮುಚ್ಚಳ ತುಸು ಸಡಿಲಿಸಿ, ಒಳಗಿನ ಅನಿಲ ಹೊರಗೆ ಹೋಗಲಿ. ಒಮ್ಮೆ ತೆಗೆದುಕೊಂಡ ಮೇಲೆ ಉಳಿದದ್ದನ್ನು ಮತ್ತೆ ಒತ್ತಿ, ಹೊಸ ಎಲೆ ಹಾಕಿಯೇ ಮುಚ್ಚಿ.