ನೆಟ್ ಇಲ್ಲದ ಕೋಣೆಯಲ್ಲಿ ಇಂಟರ್ನೆಟ್ ಕಲಿಸಿದೆ

ಹೋದ ತಿಂಗಳು ಜಗಳೂರು ಕಡೆಯ ನನ್ನ ಹಳೇ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. ಊರಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾಳೆ. ಬೆಳಿಗ್ಗೆಯಿಂದ ಯಾವ ಪೇಜೂ ತೆರೆಯುತ್ತಿರಲಿಲ್ಲವಂತೆ. ಲೈನಿನವರು ನಾಳೆ ಬರ್ತೀವಿ ಅಂದರಂತೆ. ಇವಳು 8.8.8.8 ಅನ್ನೋ ಗೂಗಲ್ ಸರ್ವರಿನ ನಂಬರಿಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಹೊಡೆದು ನೋಡಿದಳು, ಉತ್ತರ ಬಂತು. ಸೈಟಿನ ಹೆಸರಿಗೆ ಹೊಡೆದಳು, ಬರಲಿಲ್ಲ. ಹೆಸರಿನ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಬದಲಿಸಿದಳು, ಎಲ್ಲ ಓಡಿತು. "ಸರ್, ಕ್ಲಾಸಲ್ಲಿ ನನ್ನ ಕೈಲೇ ಡಿಎನ್‌ಎಸ್ ಮಿಷನ್ ಆಫ್ ಮಾಡಿಸಿದ್ರಲ್ಲ, ಅದೇ ನೆನಪಾಯ್ತು" ಅಂದಳು. ಬಿಎ ಓದಿದ ಹುಡುಗಿ. ನನ್ನ ಹತ್ತಿರ ಕಲಿತಿದ್ದು 15 ದಿನ.

ಆ ಫೋನ್ ಬಂದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು. ನಾನು ದಾವಣಗೆರೆಯಲ್ಲಿ ಸಣ್ಣ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಏಳೆಂಟು ವರ್ಷ ನಾನೂ ಎಲ್ಲರ ಹಾಗೇ ಕಲಿಸಿದೆ. ಬೋರ್ಡಿನ ಮೇಲೆ ಒಂದು ಮೋಡ, ಈ ಕಡೆ ಕಂಪ್ಯೂಟರ್, ಆ ಕಡೆ ಸರ್ವರ್. ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲೂ ಬರೆಯುತ್ತಿದ್ದರು. ಮನೆಯಲ್ಲಿ ನೆಟ್ ನಿಂತರೆ ಮಾತ್ರ ರೂಟರ್ ಆಫ್ ಮಾಡಿ ಆನ್ ಮಾಡೋದು ಬಿಟ್ಟು ಏನೂ ಗೊತ್ತಿರಲಿಲ್ಲ. ಆಮೇಲೆ ಸಿಮ್ಯುಲೇಟರ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಪರದೆ ಮೇಲೆ ಚೆನ್ನಾಗಿ ಮಾಡಿದರು. ನಿಜವಾದ ಕೇಬಲ್ ಕೈಗೆ ಕೊಟ್ಟರೆ ಯಾವ ಪೋರ್ಟಿಗೆ ಹಾಕಬೇಕು ಅಂತ ನನ್ನ ಮುಖ ನೋಡಿದರು.

ಆಗ ನಿರ್ಧಾರ ಮಾಡಿದೆ. ಕೋಣೆಯೊಳಗೇ ಒಂದು ಇಂಟರ್ನೆಟ್ ಕಟ್ಟಬೇಕು, ಹೊರಗಿನ ಲೈನ್ ಪೂರ್ತಿ ಕಿತ್ತು ಹಾಕಬೇಕು. ಏನು ಕೆಟ್ಟರೂ ಕಾರಣ ಆ ಕೋಣೆಯಲ್ಲೇ ಇರಬೇಕು, ಹುಡುಗರು ಎದ್ದು ಹೋಗಿ ಅದನ್ನು ಮುಟ್ಟಬೇಕು. ವಿದ್ಯಾನಗರದಲ್ಲಿ ಕ್ಲಾಸ್ ನಡೆಸುವ ಗೆಳೆಯನಿಗೆ ಹೇಳಿದೆ. "ನೋಡಪ್ಪ, ನೆಟ್ಟೇ ಇಲ್ಲದ ನೆಟ್ ಕ್ಲಾಸಿಗೆ ಯಾರು ದುಡ್ಡು ಕೊಡ್ತಾರೆ? ಆ ದುಡ್ಡಲ್ಲಿ ಎಸಿ ಹಾಕಿಸ್ಕೋ" ಅಂದ. ಮನೆಯಲ್ಲೂ ಅದೇ ಮಾತು.

ಗುಜರಿಯಿಂದ ಆರು ಹಳೇ ಸಿಸ್ಟಂ ತಂದೆ. ಒಂದಕ್ಕೆ 1,800 ರೂಪಾಯಿ ಇರಬೇಕು. ಲ್ಯಾನ್ ಕಾರ್ಡು, ಕೇಬಲ್‌ಗಳನ್ನು ಕೂಡಿಸುವ ಎರಡು ನೆಟ್‌ವರ್ಕ್ ಸ್ವಿಚ್ಚು, ಕೇಬಲ್, ಯುಪಿಎಸ್‌ಗೆ ಬ್ಯಾಟರಿ, ಎಲ್ಲ ಸೇರಿ 24 ಸಾವಿರದ ಹತ್ತಿರ ಹೋಯಿತು. ಮೊದಲ ಬೇಸಿಗೆಯಲ್ಲೇ ಎರಡು ಎಸ್‌ಎಂಪಿಎಸ್ (ಸಿಸ್ಟಂಗೆ ಕರೆಂಟ್ ಕೊಡುವ ಡಬ್ಬಿ), ಒಂದು ಬೋರ್ಡ್ ಸುಟ್ಟವು. ಮೇಲೆ ಶೀಟಿನ ಮಾಡು, ಏಪ್ರಿಲ್ ಬಿಸಿಲು. ಅದರಲ್ಲೇ ಇನ್ನೊಂದು ಐದಾರು ಸಾವಿರ. ಮೊದಲ ಬ್ಯಾಚಿಗೆ ಬಂದವರು ನಾಲ್ಕೇ ಜನ, ಫೀಸು 2,500. ಅದರಲ್ಲೂ ಒಬ್ಬರಿಗೆ ದುಡ್ಡು ವಾಪಸ್ ಕೊಟ್ಟೆ.

ನಾಲ್ಕು ಮಿಷನ್‌ಗಳನ್ನು ರೂಟರ್ ಮಾಡಿ ಊರಿನ ಹೆಸರಿಟ್ಟೆ: ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಬೆಂಗಳೂರು. ಇಲ್ಲಿಂದ ಬೆಂಗಳೂರಿಗೆ ಚಿತ್ರದುರ್ಗದ ಮೇಲೂ ಹೋಗಬಹುದು, ಶಿವಮೊಗ್ಗದ ಮೇಲೂ ಹೋಗಬಹುದು, ಅಲ್ವಾ? ನೆಟ್ಟಿನಲ್ಲೂ ಅಷ್ಟೇ. ಶಿವಮೊಗ್ಗದ ದಾರಿಗೆ ಕಾಸ್ಟ್ (ದಾರಿಯ ಅಂಕ, ಕಡಿಮೆ ಇರುವ ದಾರಿಯೇ ಮೊದಲ ಆಯ್ಕೆ) ಜಾಸ್ತಿ ಹಾಕಿ, ರೂಟರ್‌ಗಳೇ ಮಾತಾಡಿಕೊಂಡು ದಾರಿ ಆರಿಸುವ ಓಎಸ್‌ಪಿಎಫ್ ಓಡಿಸಿದೆ. ಐದನೆಯದು ಡಿಎನ್‌ಎಸ್. ಆರನೆಯದು ವೆಬ್ ಸರ್ವರ್, ಅದರ ಹೆಸರು ನ್ಯೂಯಾರ್ಕ್. ಅದರಲ್ಲಿ ಹುಡುಗರೇ ಮಾಡಿದ ಬೆಣ್ಣೆದೋಸೆ ಅಂಗಡಿಯ ಪೇಜ್.

ಮೊದಲ ಬ್ಯಾಚಿನ ಎದುರೇ ಮರ್ಯಾದೆ ಹೋಯಿತು. "ಚಿತ್ರದುರ್ಗದ ಕರೆಂಟ್ ತೆಗೀತೀನಿ, ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಂಡುಗಳು, ತಾವೇ ಶಿವಮೊಗ್ಗದ ದಾರಿ ಹಿಡಿಯುತ್ತವೆ ನೋಡಿ" ಅಂತ ಜೋರಾಗಿ ಹೇಳಿ ಪ್ಲಗ್ ಕಿತ್ತೆ. ಪಿಂಗ್ ನಿಂತೇ ಹೋಯಿತು. ಎಲ್ಲರೂ ಸುಮ್ನೆ ನನ್ನನ್ನೇ ನೋಡುತ್ತಿದ್ದಾರೆ. ಕೊನೆಗೆ ಬಂತು, ಆದರೆ ಮುಕ್ಕಾಲು ನಿಮಿಷದ ಹತ್ತಿರ ಆಗಿತ್ತು. ರಾತ್ರಿ ಕೂತು ಹುಡುಕಿದೆ. ನಾನು ನಡುವೆ ಸ್ವಿಚ್ ಹಾಕಿದ್ದೆ. ಚಿತ್ರದುರ್ಗ ಸತ್ತರೂ ದಾವಣಗೆರೆಯ ಪೋರ್ಟಿನ ದೀಪ ಉರಿಯುತ್ತಲೇ ಇತ್ತು, ಹಾಗಾಗಿ ಅದಕ್ಕೆ ಸತ್ತ ಸುದ್ದಿ ತಿಳಿಯಲಿಲ್ಲ. ಪಕ್ಕದವನಿಂದ 40 ಸೆಕೆಂಡ್ ಸದ್ದಿಲ್ಲದಿದ್ದರೆ ಮಾತ್ರ ಸತ್ತ ಅಂತ ತಿಳಿಯೋದು ಓಎಸ್‌ಪಿಎಫ್‌ನ ಮಾಮೂಲಿ ಲೆಕ್ಕ. ಬದುಕಿದ್ದೇನೆ ಅಂತ ರೂಟರ್ ಕಳಿಸುವ ಹಲೋವನ್ನು 1 ಸೆಕೆಂಡಿಗೆ, ಸತ್ತ ಅಂತ ತಿಳಿಯುವ ಡೆಡ್ ಟೈಮರನ್ನು 4ಕ್ಕೆ ಇಳಿಸಿದೆ. ಈಗ ಪ್ಲಗ್ ಕಿತ್ತರೆ ಮೂರ್ನಾಲ್ಕು ಪಿಂಗ್ ಬೀಳುತ್ತವೆ, ಆಮೇಲೆ ಓಡುತ್ತದೆ. ಪ್ಯಾಕೆಟ್ ಹೋದ ದಾರಿ ತೋರಿಸುವ ಟ್ರೇಸ್‌ರೂಟ್‌ನಲ್ಲಿ ಚಿತ್ರದುರ್ಗ ಹೋಗಿ ಶಿವಮೊಗ್ಗ ಬಂದದ್ದನ್ನು ನೋಡಿದಾಗ ಹುಡುಗರ ಮುಖ ನೋಡಬೇಕು! ಆ ಹಳೇ 40 ಸೆಕೆಂಡನ್ನೂ ಬಿಟ್ಟಿಲ್ಲ. ಒಂದು ದಿನ ಬೇಕಂತಲೇ ಹಾಗೇ ಇಟ್ಟು ಕಾಯಿಸುತ್ತೇನೆ.

ಡಿಎನ್‌ಎಸ್‌ನಲ್ಲಿ ಬೇರೆ ಪಾಠ ಆಯಿತು. ರೂಟ್ (ಹೆಸರುಗಳ ಪಟ್ಟಿಯ ಬುಡ) ನಮ್ಮದೇ, ಅದರ ಕೆಳಗೆ ಡಿವಿಜಿ ಅನ್ನುವ ನಮ್ಮದೇ ಟಿಎಲ್‌ಡಿ (ಡಾಟ್ ಕಾಮ್ ಥರದ ಕೊನೆಯ ಹೆಸರು). ಹಳೇ ಫೈಲಿನಿಂದ ನಕಲು ಮಾಡುವಾಗ ಟಿಟಿಎಲ್ (ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಡಬೇಕು ಅನ್ನೋ ಲೆಕ್ಕ) 86400 ಅಂತ ಹಾಗೇ ಉಳಿದಿತ್ತು. ಸರ್ವರಿನ ನಂಬರ್ ಬದಲಿಸಿದೆವು, ಹೆಸರು ಕೇಳಿ ನಂಬರ್ ತರುವ ರಿಸಾಲ್ವರ್ ಹಳೇ ನಂಬರನ್ನೇ ಹಿಡಿದುಕೊಂಡು ಕೂತಿತ್ತು. ಅಷ್ಟು ಸೆಕೆಂಡ್ ಅಂದರೆ ಒಂದು ಇಡೀ ದಿನ. ಕಾನ್ಫಿಗ್ ತಪ್ಪಿದೆ ಅಂತ ಎರಡು ಗಂಟೆ ಒದ್ದಾಡಿದೆ. ಈಗ 30 ಇಟ್ಟಿದ್ದೇನೆ. ಕ್ರೋಮ್‌ನಲ್ಲಿ ನಮ್ಮ ಸೈಟಿನ ಹೆಸರು ಟೈಪ್ ಮಾಡಿದರೆ ಅದು ಸರ್ಚಿಗೆ ಓಡುತ್ತದೆ. ಹೆಸರಿನ ಕೊನೆಗೆ ಒಂದು ಓರೆಗೆರೆ (/) ಹಾಕಿಸಿ, ಸರಿಹೋಗುತ್ತದೆ.

ಮೊಬೈಲಿನದು ಇನ್ನೂ ದೊಡ್ಡ ತಲೆನೋವು. ನಮ್ಮ ವೈಫೈಗೆ ಸೇರಿಸಿದರೆ ಇಂಟರ್ನೆಟ್ ಇಲ್ಲ ಅಂತ ಅದು ತಾನೇ ಸಿಮ್ಮಿನ ಡೇಟಾಗೆ ಹಾರುತ್ತಿತ್ತು. ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ, ಮೂರು ವಾರ ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ದಾವಣಗೆರೆಗೆ ಬಂದವರಿಗೆ ತೋರಿಸುತ್ತೇನೆ.

ನ್ಯೂಯಾರ್ಕ್ ದೂರ ಇದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಬೇಕಂತಲೇ ತಡ ಮಾಡಿಸುವ ನೆಟ್‌ಎಂ ಅನ್ನೋ ಸಾಧನದಲ್ಲಿ 250 ಮಿಲಿಸೆಕೆಂಡ್ ತಡ ಹಾಕಿದೆ. ಪಿಂಗ್ 500 ತೋರಿಸಿತು. ಎರಡೂ ಕಡೆ ಹಾಕಿದ್ದೆ. ಒಂದೊಂದು ಕಡೆ 125 ಹಾಕಬೇಕು. ಫೈಬರ್ ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಬೆಂಗಳೂರು 260 ಕಿಲೋಮೀಟರ್ ಅಂತ ಇಟ್ಟುಕೊಂಡರೂ ಹೋಗಿಬರಲು ಎರಡೂವರೆ ಮಿಲಿಸೆಕೆಂಡಿಗಿಂತ ಕಡಿಮೆ ಆಗೋದೇ ಇಲ್ಲ, ಎಷ್ಟೇ ದುಡ್ಡು ಕೊಟ್ಟರೂ. ಈ ಲೆಕ್ಕವನ್ನು ಹುಡುಗರ ಕೈಯಲ್ಲೇ ಮಾಡಿಸುತ್ತೇನೆ. ಆಮೇಲೆ ದೋಸೆ ಪೇಜನ್ನು ನ್ಯೂಯಾರ್ಕಿನಿಂದ ತರಿಸಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿಸುತ್ತೇನೆ. ಟಿಸಿಪಿ (ಡೇಟಾವನ್ನು ಜೋಪಾನವಾಗಿ ಮುಟ್ಟಿಸುವ ನಿಯಮ) ಕೈಕುಲುಕಲು ಒಂದು ಸುತ್ತು, ಬೀಗಕ್ಕೆ, ಅಂದರೆ ಸಂಪರ್ಕವನ್ನು ಗುಟ್ಟಾಗಿಡಲು, ಒಂದು ಸುತ್ತು, ಪೇಜ್ ಕೇಳಲು ಒಂದು ಸುತ್ತು. ಮೊದಲ ಅಕ್ಷರ ಬರುವಷ್ಟರಲ್ಲಿ ಮುಕ್ಕಾಲು ಸೆಕೆಂಡ್ ಹೋಯಿತು. ಅದೇ ಪೇಜಿನ ಪ್ರತಿಯನ್ನು ಬೆಂಗಳೂರು ಮಿಷನ್‌ನಲ್ಲಿ ಇಟ್ಟು ಮತ್ತೆ ತೆರೆಸುತ್ತೇನೆ. ಸಿಡಿಎನ್ (ಪೇಜಿನ ಪ್ರತಿಯನ್ನು ನೋಡುವವರ ಹತ್ತಿರವೇ ಇಡುವ ವ್ಯವಸ್ಥೆ) ಅಂದರೇನು ಅಂತ ಆಮೇಲೆ ನಾನು ಹೇಳಬೇಕಾಗಿಯೇ ಇಲ್ಲ.

ವೆಬ್ಬನ್ನು ನಾಲ್ಕನೇ ದಿನದವರೆಗೂ ಆನ್ ಮಾಡುವುದಿಲ್ಲ. ನನ್ನ ಕ್ಲಾಸಿನಲ್ಲಿ ಇದು ಕಟ್ಟುನಿಟ್ಟು. ಮೊದಲ ಮೂರು ದಿನ ಪಿಂಗ್, ಫೈಲ್ ಕಳಿಸೋದು, ಮೇಲ್ ಅಷ್ಟೇ. ಇತಿಹಾಸದಲ್ಲಿ ನಡೆದದ್ದೂ ಹಾಗೇ ತಾನೆ? ಇಂಟರ್ನೆಟ್ಟಿನ ಮೂಲವಾದ ಅರ್ಪಾನೆಟ್ 1983ರ ಜನವರಿ 1ಕ್ಕೇ ಇಂದಿನ ಇಂಟರ್ನೆಟ್ಟಿನ ಭಾಷೆಯಾದ ಟಿಸಿಪಿ ಐಪಿಗೆ ಬದಲಾಯಿತು. ಟಿಮ್ ಬರ್ನರ್ಸ್ ಲೀ ಸರ್ನ್ ಪ್ರಯೋಗಾಲಯದಲ್ಲಿ ವೆಬ್ಬಿನ ಪ್ರಸ್ತಾಪ ಬರೆದದ್ದು 1989ರಲ್ಲಿ. ರಸ್ತೆ ಮೊದಲು ಬಂತು, ಬಸ್ಸು ಆಮೇಲೆ. ನಾಲ್ಕನೇ ದಿನ ವೆಬ್ ಸರ್ವರ್ ಆನ್ ಮಾಡಿ, ಅರ್ಧ ಗಂಟೆ ಬಿಟ್ಟು ನಿಲ್ಲಿಸುತ್ತೇನೆ. ಪೇಜ್ ಇಲ್ಲ, ಪಿಂಗ್ ಇದೆ. ಅವತ್ತಿನಿಂದ ಕ್ಲಾಸಿನಲ್ಲಿ "ನೆಟ್ ಇಲ್ಲ ಸರ್" ಅನ್ನೋ ಮಾತು ನಿಲ್ಲುತ್ತದೆ. ಏನು ಇಲ್ಲ ಅಂತ ಹೇಳುತ್ತಾರೆ.

ಮಾಯಕೊಂಡದಿಂದ ಬರುತ್ತಿದ್ದ ಹುಡುಗ ಒಂದು ಸಲ ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಹಾಕಿಬಿಟ್ಟ. ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕಿದವು, ನೆಟ್‌ವರ್ಕ್ ಪೂರ್ತಿ ಮಲಗಿತು. ಬೈಯಲು ಬಾಯಿ ತೆರೆದಿದ್ದೆ, ತಡೆದುಕೊಂಡೆ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಅಂತ ಕಳಿಸಿದ ಸಂದೇಶ) ಸುತ್ತುತ್ತಲೇ ಇರುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾರು ತೋರಿಸುತ್ತಾರೆ? ಈಗ ಅದು ಒಂಬತ್ತನೇ ದಿನದ ಪಾಠ.

ಪಠ್ಯದಲ್ಲಿ ಇಲ್ಲದ್ದನ್ನೂ ಮಾಡುತ್ತೇವೆ. ಕನ್ನಡ ಅಕ್ಷರದಲ್ಲಿ ಡೊಮೇನ್ (ಸೈಟಿನ ಹೆಸರು) ಮಾಡಿ, ತಂತಿಯ ಮೇಲಿನ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕಿನಲ್ಲಿ ಹಿಡಿದೆವು. ತಂತಿಯ ಮೇಲೆ ಹೋಗುವಾಗ ಅದು ಎಕ್ಸ್‌ಎನ್ ಅಂತ ಶುರುವಾಗುವ ಇಂಗ್ಲಿಷ್ ಅಕ್ಷರದ ಸಾಲಾಗಿರುತ್ತದೆ. ನಮ್ಮ ಲಿಪಿ ಹೀಗೆ ವೇಷ ಹಾಕಿಕೊಂಡು ಹೋಗಬೇಕಲ್ಲ ಅಂತ ಒಬ್ಬ ಹುಡುಗ ಬೇಜಾರು ಮಾಡಿಕೊಂಡ. ನನಗೂ ಬೇಜಾರೇ. ಇನ್ನೊಂದು ದಿನ ನೂರಕ್ಕೆ ಐದು ಪ್ಯಾಕೆಟ್ ಬೀಳುವ ಹಾಗೆ ಮಾಡಿ 3 ಎಂಬಿ ಫೋಟೋ ಕಳಿಸಿದೆವು. ಸುಮಾರು 2,000 ತುಂಡು. ತಡವಾಯಿತು, ಆದರೆ ಪೂರ್ತಿ ಬಂತು. ಬಿದ್ದದ್ದನ್ನು ಟಿಸಿಪಿ ಮತ್ತೆ ಕಳಿಸುತ್ತದಲ್ಲ. ಅದೇ ಲೈನಿನಲ್ಲಿ, ಬಿದ್ದದ್ದನ್ನು ಮತ್ತೆ ಕಳಿಸದ ಯುಡಿಪಿ ಮೇಲೆ ಮಾತಾಡಿದರೆ ಮಾತು ಅಲ್ಲಲ್ಲಿ ನುಂಗಿಹೋಗುತ್ತಿತ್ತು.

ಎರಡನೇ ಬ್ಯಾಚಿಗೆ ಏಳು, ಮೂರನೆಯದಕ್ಕೆ ಹನ್ನೊಂದು. ಈಗ ನಡೆಯುತ್ತಿರುವ ಬ್ಯಾಚಿನಲ್ಲಿ ಹತ್ತೊಂಬತ್ತು ಜನ, ಫೀಸು 3,500. ಹಾಕಿದ ದುಡ್ಡು ಮೂರನೇ ಬ್ಯಾಚಿಗೇ ವಾಪಸ್ ಬಂತು. ಹಿಂದಿನ ಬ್ಯಾಚಿನ ಇಬ್ಬರು ಕೇಬಲ್ ಆಪರೇಟರ್ ಹತ್ತಿರ ಕೆಲಸಕ್ಕೆ ಸೇರಿದ್ದಾರೆ. ವಿದ್ಯಾನಗರದ ಗೆಳೆಯ ಹೋದ ಭಾನುವಾರ ಬಂದಿದ್ದ. ಒಂದು ಗಂಟೆ ಕೂತು ಎಲ್ಲ ನೋಡಿದ. ಹೋಗುವಾಗ ಚಿತ್ರದುರ್ಗದ ಪ್ಲಗ್ ತಾನೇ ಕಿತ್ತು, ಪರದೆಯ ಮೇಲೆ ಶಿವಮೊಗ್ಗ ಬರುವವರೆಗೂ ನಿಂತಿದ್ದ. "ಆರು ಸಿಸ್ಟಂ ಎಲ್ಲಿ ತಗೊಂಡೆ?" ಅಂತ ಕೇಳಿದ. ಗುಜರಿಯವರ ನಂಬರ್ ಕೊಟ್ಟೆ.